ಟವರಿಗೆ ಹೆದರೋರೇ, ಎಕ್ಸ್ ರೇ ಕೋಣೆ ಬಾಗಿಲು ನೋಡಿದೀರಾ?

ಸಾಗರ, ಹೊಸನಗರ, ತೀರ್ಥಹಳ್ಳಿ... ಎಲ್ಲೇ ಹೋಗಿ, ಮೊಬೈಲ್ ಟವರ್ ಬಗ್ಗೆ ಎರಡು ಮಾತು ಗ್ಯಾರಂಟಿ. ಒಂದು, "ನೆಟ್‌ವರ್ಕೇ ಸಿಗಲ್ಲ ಮಾರಾಯ್ರೆ". ಇನ್ನೊಂದು, "ಟವರ್ ಬಂದ್ರೆ ರೇಡಿಯೇಶನ್, ಕ್ಯಾನ್ಸರ್". ಎಷ್ಟೋ ಸಲ ಎರಡನ್ನೂ ಒಂದೇ ಬಾಯಿ ಹೇಳುತ್ತೆ!

ನನ್ನ ತಕರಾರು ಇಷ್ಟೇ. ರೇಡಿಯೇಶನ್ ಅನ್ನೋ ಒಂದೇ ಪದದ ಕೊಟ್ಟಿಗೆಯಲ್ಲಿ ಕುರಿ, ಹುಲಿ ಎರಡನ್ನೂ ಕೂಡಿಹಾಕಿ, ನಾವು ಕುರಿಗೆ ಹೆದರಿ ಓಡ್ತಿದ್ದೇವೆ. ಯಾವುದು ಹುಲಿ ಅಂತ ನಾನು ಹೇಳೋದು ಬೇಡ, ಒಂದು ಹರಳನ್ನೇ ಕೇಳೋಣ.

ಲಿಥಿಯಂ ಫ್ಲೋರೈಡ್. ಅಡುಗೆ ಉಪ್ಪಿನಂಥದೇ ಜೋಡಣೆ, ಗಾಜಿನಂತೆ ತಿಳಿ. ಇದರೊಳಗಿನ ಎಲೆಕ್ಟ್ರಾನ್ ಒಂದನ್ನು ಬಿಡಿಸೋಕೆ ಸುಮಾರು 14 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎಕ್ಸ್ ರೇಯ ಒಂದೊಂದು ಫೋಟಾನ್ನಿನಲ್ಲೂ ಹತ್ತಾರು ಸಾವಿರ ಇರುತ್ತೆ. ಅದು ಬಿದ್ದಾಗ ಕೆಲವು ಫ್ಲೋರಿನ್ ಅಯಾನುಗಳು ಜಾಗ ಬಿಟ್ಟು ಹೋಗ್ತವೆ. ಖಾಲಿ ಜಾಗದಲ್ಲಿ ಎಲೆಕ್ಟ್ರಾನ್ ಸಿಕ್ಕಿಬೀಳುತ್ತೆ. ಇದೇ ಎಫ್ ಸೆಂಟರ್. ಜರ್ಮನ್ನಿನಲ್ಲಿ ಬಣ್ಣಕ್ಕೆ ಫಾರ್ಬೆ ಅಂತಾರೆ, ಆ ಎಫ್. ಒಂಟಿ ಎಫ್ ಸೆಂಟರ್ ಹೀರೋದು 250 ನ್ಯಾನೋಮೀಟರ್ ಸುತ್ತಿನ, ಕಣ್ಣಿಗೆ ಕಾಣದ ಅತಿನೇರಳೆಯನ್ನು. ಡೋಸ್ ಜಾಸ್ತಿಯಾಗಿ ಅವು ಎರಡು ಮೂರು ಗುಂಪಾದರೆ 450ರ ಸುತ್ತಿನ ನೀಲಿಯನ್ನು ಹೀರ್ತವೆ, ಹರಳು ಹಳದಿಯಾಗುತ್ತೆ. ಅದಕ್ಕೆ ನೀಲಿ ಬೆಳಕು ಬಿಟ್ಟರೆ ಹಸಿರು, ಕೆಂಪು ಹೊಳಪು ಕೊಡುತ್ತೆ.

ಟವರಿನ ಫೋಟಾನ್ನಿಗೆ ಎಷ್ಟು ಶಕ್ತಿ? ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದಲ್ಲಿ ಒಂದೆರಡು ಪಾಲು. ಹರಳನ್ನು ಹತ್ತು ವರ್ಷ ಟವರಿನ ಬುಡದಲ್ಲಿಟ್ಟರೂ ಆ ಅಲೆಗಳಿಂದ ಒಂದು ಎಫ್ ಸೆಂಟರೂ ಹುಟ್ಟಲ್ಲ. "ಹನಿ ಹನಿ ಸೇರಿದ್ರೆ?" ಅಂತೀರಾ? ಅಡಿಕೆ ಗೊನೆಗೆ ಸಾವಿರ ಹತ್ತಿ ಉಂಡೆ ಎಸೆದರೂ ಅದು ಬೀಳಲ್ಲ, ಬೇಕಾದ್ದು ಒಂದು ದೋಟಿ. ಟವರಿನ ಅಲೆ ಬಿಸಿ ಮಾಡಬಲ್ಲದು, ಅದಕ್ಕೇ ಅದರ ಶಕ್ತಿಗೆ ಮಿತಿ ಇದೆ. ಅಷ್ಟೇ.

ಹುಲಿ ತಿಳಿದ ಮೇಲೆ ಅದರ ಹೆಜ್ಜೆ ಗುರುತು ನೋಡಬೇಕಲ್ಲ? ಫ್ಲೋರೈಟ್ ಹರಳನ್ನು ಕಾಯಿಸಿದರೆ ಹೊಳೆದು ಆರಿಹೋಗುತ್ತೆ, ರೇಡಿಯಂ ಪಕ್ಕ ಇಟ್ಟರೆ ಆ ಶಕ್ತಿ ಮತ್ತೆ ಬರುತ್ತೆ ಅಂತ ಮೇರಿ ಕ್ಯೂರಿ 1903ರ ತಮ್ಮ ಪ್ರಬಂಧದಲ್ಲೇ ಬರೆದಿದ್ದಾರೆ. ಎಕ್ಸ್ ರೇ ಕೆಲಸದವರ ಟಿಎಲ್‌ಡಿ ಬ್ಯಾಡ್ಜ್ ನಡೆಯೋದು ಇದೇ ತತ್ವದ ಮೇಲೆ. ಹಲವು ದೇಶಗಳಲ್ಲಿ ಅದರೊಳಗೆ ಲಿಥಿಯಂ ಫ್ಲೋರೈಡ್, ನಮ್ಮಲ್ಲಿ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್. ಕಾಯಿಸಿದಾಗ ಬರೋ ಬೆಳಕಿನಿಂದ ಡೋಸ್ ಲೆಕ್ಕ ಹಾಕ್ತಾರೆ.

ಆದರೆ ನಮ್ಮ ಕಡೆಯ ಒಂದು ಎಕ್ಸ್ ರೇ ಕೋಣೆಯಲ್ಲಿ (ಹೆಸರು ಬೇಡ) ಆ ಬ್ಯಾಡ್ಜ್ ಇದ್ದದ್ದು ಮೇಜಿನ ಡ್ರಾಯರಿನಲ್ಲಿ! ಬಾಗಿಲು ಅರ್ಧ ತೆರೆದಿತ್ತು. ಮಗುವನ್ನು ಹಿಡಿದುಕೊಂಡ ತಾಯಿಗೆ ಸೀಸದ ಏಪ್ರನ್ ಇರಲಿಲ್ಲ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಅಂತ ಎಇಆರ್‌ಬಿ ಮಿತಿ ಇದೆ. ಡ್ರಾಯರಿನಲ್ಲಿರೋ ಬ್ಯಾಡ್ಜ್ ಹೇಳೋದು ಡ್ರಾಯರಿನ ಡೋಸನ್ನು, ಮನುಷ್ಯನದ್ದಲ್ಲ.

ಹಾಗಂತ ಎಕ್ಸ್ ರೇ ತೆಗೆಸಬೇಡಿ ಅಂತಿಲ್ಲ. ಎದೆಯ ಒಂದು ಎಕ್ಸ್ ರೇ ಅಂದ್ರೆ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಮ್ಮಿ. ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಬಂದೇ ಬರುತ್ತೆ. ರೋಗಿಗೆ ಅದು ಒಂದು ದಿನದ ಮಾತು, ಆ ಕೋಣೆಯ ಹುಡುಗನಿಗೆ ದಿನಾ ಇದ್ದದ್ದೇ.

ಟವರ್ ಬೇಡ ಅಂತ ಮನವಿ ಕೊಡೋಕೆ ನೂರು ಜನ ಸೇರ್ತೀವಿ. "ಬ್ಯಾಡ್ಜ್ ಎಲ್ಲಪ್ಪಾ? ಬಾಗಿಲು ಹಾಕ್ತೀಯಾ? ಏಪ್ರನ್ ಕೊಡ್ತೀಯಾ?" ಅಂತ ಕೇಳೋಕೆ ಒಬ್ಬರೂ ಇಲ್ಲ. ಮುಂದಿನ ಸಲ ಕೇಳಿ ನೋಡಿ.

ಏನಂತೀರಿ?