ಸುಖದ ಲೆಕ್ಕ ಹಾಕುವವರು ಯಾರು?

ಒಂದು ಕೆಲಸ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಅದರ ಫಲ ನೋಡಬೇಕು. ಅದರಿಂದ ಸುಖ ಹೆಚ್ಚಿತೇ, ದುಃಖ ತಗ್ಗಿತೇ ಎಂದು ಕೇಳಬೇಕು. ಉಪಯುಕ್ತತಾವಾದದ ತಿರುಳು ಇಷ್ಟೇ. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಲೆಕ್ಕಾಚಾರವನ್ನೇ ಕಟ್ಟಿಕೊಟ್ಟ. ಸುಖ ಎಷ್ಟು ತೀವ್ರ, ಎಷ್ಟು ಹೊತ್ತು ಉಳಿಯುತ್ತದೆ, ಎಷ್ಟು ಜನರಿಗೆ ಮುಟ್ಟುತ್ತದೆ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ದೊರೆಯ ಸುಖಕ್ಕೂ ಕೂಲಿಯವನ ಸುಖಕ್ಕೂ ಅಲ್ಲಿ ಒಂದೇ ಬೆಲೆ. ನೋವು ಅನುಭವಿಸಬಲ್ಲ ಪ್ರಾಣಿಗಳನ್ನೂ ಅವನು ಹೊರಗಿಡಲಿಲ್ಲ. ಆ ಕಾಲಕ್ಕೆ ಇದು ಎಂಥ ಧೈರ್ಯ!

ಆದರೆ ಗಲಭೆ ಎದ್ದ ಊರಿನಲ್ಲಿ ಒಬ್ಬ ನಿರಪರಾಧಿಯನ್ನು ಗಲ್ಲಿಗೇರಿಸಿದರೆ ನೂರು ಜೀವ ಉಳಿಯುವುದಾದರೆ? ಒಂದೊಂದು ಕೃತ್ಯವನ್ನೂ ಬಿಡಿಯಾಗಿ ತೂಗುವ ಕೃತ್ಯವಾದಿ ಇಲ್ಲಿ ಸಿಕ್ಕಿಬೀಳುತ್ತಾನೆ. ನಿಯಮವಾದಿಯ ಉತ್ತರ ಬೇರೆ: ನಿರಪರಾಧಿಗೆ ಶಿಕ್ಷೆ ಕೂಡದೆಂಬ ನಿಯಮವನ್ನು ಎಲ್ಲರೂ ಪಾಲಿಸಿದರೇ ಒಟ್ಟು ಹಿತ ಹೆಚ್ಚು, ಆದ್ದರಿಂದ ಅದನ್ನು ಮುರಿಯಬಾರದು. ಈ ವಾದಕ್ಕೆ ಬೇರೆ ಕವಲುಗಳೂ ಉಂಟು. ಸುಖ ಹೆಚ್ಚಿಸುವುದಕ್ಕಿಂತ ಸಂಕಟ ಕಳೆಯುವುದೇ ಮೊದಲ ಹೊಣೆ ಎಂದವನು ತತ್ತ್ವಜ್ಞಾನಿ ಕಾರ್ಲ್ ಪಾಪರ್. ಸುಖವನ್ನು ಬಿಟ್ಟು, ಜನ ತಾವೇ ಬಯಸಿದ್ದು ಈಡೇರಿತೇ ಎಂದು ನೋಡುವವರದು ಇನ್ನೊಂದು ಕವಲು.

ಈ ಪಂಥದವರಲ್ಲಿ ನನ್ನನ್ನು ಹೆಚ್ಚು ಕಾಡುವವನು ಜಾನ್ ಸ್ಟೂವರ್ಟ್ ಮಿಲ್. ಸುಖಗಳಲ್ಲಿ ಮೇಲು ಕೀಳು ಉಂಟು, ಎರಡನ್ನೂ ಉಂಡು ಬಲ್ಲವರೇ ಅದಕ್ಕೆ ತೀರ್ಪುಗಾರರು ಎಂದ ಆತ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರ. ಭಾರತಕ್ಕೆ ಒಮ್ಮೆಯೂ ಬಾರದೆ ಇಲ್ಲಿನ ಆಡಳಿತದ ಪತ್ರಗಳನ್ನು ಬರೆಯುತ್ತಿದ್ದ. ಸ್ವಾತಂತ್ರ್ಯದ ಪರವಾಗಿ 1859ರಲ್ಲಿ ಅಷ್ಟು ಸೊಗಸಾದ ಪುಸ್ತಕ ಬರೆದವನೇ, ‘ಹಿಂದುಳಿದ’ ಸಮಾಜಗಳಿಗೆ ಅದು ಅನ್ವಯಿಸದು, ಅವುಗಳ ಏಳಿಗೆಗಾಗಿ ನಿರಂಕುಶ ಆಳ್ವಿಕೆ ನಡೆಸಬಹುದು ಎಂದೂ ಅದರಲ್ಲೇ ಬರೆದ. ಎರಡನ್ನೂ ಬಲ್ಲವರು ತೀರ್ಪು ಕೊಡಬೇಕೆಂಬ ಅವನದೇ ಮಾತು ಇಲ್ಲಿ ಎಲ್ಲಿ ಹೋಯಿತು? ಕಂಪನಿಯ ಆಳ್ವಿಕೆ ಹಿತವೋ ಅಹಿತವೋ ಎಂದು ಅದನ್ನು ಅನುಭವಿಸಿದವರನ್ನು ಯಾರೂ ಕೇಳಲಿಲ್ಲ.

ಈ ಲೆಕ್ಕವನ್ನೇ ಒಪ್ಪದವರೂ ಇದ್ದರು. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ 1908ರಲ್ಲಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ನನ ಕೃತಿಯೊಂದನ್ನು ಗುಜರಾತಿಯಲ್ಲಿ ಸಂಗ್ರಹಿಸಿ ‘ಸರ್ವೋದಯ’ ಎಂದು ಹೆಸರಿಟ್ಟರು. ಬಹುಸಂಖ್ಯಾತರ ಸುಖವೇ ಗುರಿಯೆಂಬ ಪಶ್ಚಿಮದ ನಂಬಿಕೆಯನ್ನು ಅದರ ಆರಂಭದಲ್ಲೇ ಪ್ರಶ್ನಿಸಿದರು. ಅವರಿಗೆ ಬೇಕಾದದ್ದು ಎಲ್ಲರ ಉದಯ.

ಆದರೂ ಗಾಂಧೀಜಿಯ ಉತ್ತರವೊಂದೇ ಎಲ್ಲ ಕಡೆಗೂ ಸಾಲದು. ಹತ್ತು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹದಿನೈದು ರೋಗಿಗಳು ಬಂದಾಗ ಯಾರೋ ಎಣಿಸಲೇಬೇಕು, ಅಲ್ಲಿ ಬೆಂಥಮ್ ಬೇಕು. ಅಣೆಕಟ್ಟಿಗಾಗಿ ಹಳ್ಳಿ ಮುಳುಗಿಸುವ ಮಾತು ಬೇರೆ. ಅಲ್ಲಿ ಕೂತು ಯೋಚಿಸಲು, ಹೋಗಿ ಕೇಳಲು ವರ್ಷಗಟ್ಟಲೆ ಸಮಯವಿರುತ್ತದೆ. ಮನೆ ಕಳೆದುಕೊಳ್ಳುವವರನ್ನು ಕೇಳದೆ ಹಾಕಿದ್ದನ್ನು ನಾನು ಲೆಕ್ಕವೆಂದೇ ಒಪ್ಪಲಾರೆ. ಎಲ್ಲರ ಸುಖಕ್ಕೂ ಒಂದೇ ಬೆಲೆ ಎಂಬ ಬೆಂಥಮ್ಮನ ನಿಯಮದ ಪ್ರಕಾರವೇ ಅದು ತಪ್ಪು ಲೆಕ್ಕ.