ವೆಬ್ ಲ್ಯಾಬ್‌ಗೆ ತಿಥಿ ಮಾಡುವ ಅವಸರವೇಕೆ?

ಯಾರೂ ಪ್ರೋಗ್ರಾಮ್ ಬರೆಯಬೇಕಾಗಿಲ್ಲದಂಥ ತಂತ್ರಜ್ಞಾನ ಕಟ್ಟುವುದೇ ತಮ್ಮ ಕೆಲಸವೆಂದು ಎನ್ವಿಡಿಯಾದ ಜೆನ್ಸನ್ ಹುವಾಂಗ್ 2024ರ ಫೆಬ್ರವರಿಯಲ್ಲಿ ದುಬೈನಲ್ಲಿ ಹೇಳಿದರು. ಚಿಪ್ ಮಾರುವವರು ಇನ್ನೇನು ಹೇಳಿಯಾರು? ಆದರೆ ಅವರು ಬಾಯಿ ಮುಚ್ಚುವ ಮೊದಲೇ ನಮ್ಮ ಕಾಲೇಜು ವೇದಿಕೆಗಳ ಮುಖ್ಯ ಅತಿಥಿಗಳು ಬಾಯಿ ತೆರೆದರು. ಎಚ್‌ಟಿಎಂಎಲ್ ಯಾಕ್ರೀ, ಪಿಎಚ್‌ಪಿ ಯಾಕ್ರೀ, ಎಲ್ಲ ಎಐ ಬರೆದುಕೊಡುತ್ತೆ, ವೆಬ್ ಲ್ಯಾಬ್ ಮುಚ್ಚಿ, ಹುಡುಗರಿಗೆ ಪ್ರಾಂಪ್ಟ್ ಹಾಕೋದು ಕಲಿಸಿ ಸಾಕು ಅಂತ. ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಊಟ ಮಾಡಿ ಹೊರಟರು.

ಇವರಿಗೆ ನನ್ನದೊಂದೇ ಪ್ರಶ್ನೆ. ಎಐ ಕೈಲಿ ಒಂದು ಅಂಗಡಿಯ ಪುಟ ಮಾಡಿಸಿದ್ದೀರಿ. ಸೀರೆಗೆ 5,000 ರೂಪಾಯಿ ಬೆಲೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ ಪುಟದ ಕೋಡ್ ತೆರೆದು ಒಬ್ಬ ಕಿಲಾಡಿ ಆ 5,000ವನ್ನು 5 ಮಾಡಿ ಆರ್ಡರ್ ಕಳಿಸುತ್ತಾನೆ. ನಿಮ್ಮ ಸರ್ವರ್ ಏನು ಮಾಡುತ್ತದೆ? ತನ್ನ ಡೇಟಾಬೇಸಿನಲ್ಲಿರುವ ಬೆಲೆಯನ್ನು ತೆಗೆದು ತಾನೇ ಲೆಕ್ಕ ಹಾಕುತ್ತದೋ, ಗಿರಾಕಿ ಬರೆದುಕೊಂಡು ಬಂದ ಬಿಲ್ಲನ್ನೇ ಓದದೆ ಗಲ್ಲಾಕ್ಕೆ ಹಾಕಿಕೊಳ್ಳುವ ಅಂಗಡಿಯವನಾಗುತ್ತದೋ? ಪುಟ ನೋಡಿದರೆ ಇದು ಗೊತ್ತಾಗುವುದಿಲ್ಲ. ಎರಡೂ ಅಷ್ಟೇ ಚೆಂದ ಕಾಣುತ್ತವೆ, ಎರಡರಲ್ಲೂ ಗುಂಡಿ ಒತ್ತಿದರೆ ‘ಧನ್ಯವಾದ’ ಬರುತ್ತದೆ.

ಬ್ರೌಸರ್‌ನಲ್ಲಿರುವುದೆಲ್ಲ ಬಳಕೆದಾರನ ಕೈಯಲ್ಲಿರುತ್ತದೆ, ಅವನು ಅದನ್ನು ಹೇಗೆ ಬೇಕಾದರೂ ತಿದ್ದಬಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ನೀವು ಎಷ್ಟು ತಪಾಸಣೆ ಬರೆದರೂ ಅದು ಒಳ್ಳೆಯವರಿಗೆ ಅನುಕೂಲವೇ ಹೊರತು ಕಳ್ಳರಿಗೆ ಬೀಗವಲ್ಲ. ಬೀಗ ಇರಬೇಕಾದ್ದು ಸರ್ವರ್‌ನಲ್ಲಿ. ವೆಬ್ ಪ್ರೋಗ್ರಾಮಿಂಗ್ ಅಂದರೆ ಮುಕ್ಕಾಲು ಪಾಲು ಇಷ್ಟೇ. ವೆಬ್ ಅಪ್ಲಿಕೇಶನ್‌ಗಳ ಅಪಾಯಗಳನ್ನು ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಯಾವುದು? ಯಾರಿಗೆ ಏನು ನೋಡಲು, ಮಾಡಲು ಹಕ್ಕಿದೆ ಎಂದು ಸರಿಯಾಗಿ ತಪಾಸಿಸದ ದೋಷ. ಹಿಂದಿನ ಪಟ್ಟಿಯಲ್ಲಿ ಅದು 5ನೆಯದಾಗಿತ್ತು. ಮೇಲೇರಿದ್ದು ಈ ದೋಷ, ಮುಚ್ಚಬೇಕಂತೆ ಲ್ಯಾಬ್!

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಹಳೆಯ ವೆಬ್ ಲ್ಯಾಬ್ ಪಟ್ಟಿಯನ್ನು ಗೇಲಿ ಮಾಡುವುದು ಈಗ ಫ್ಯಾಷನ್. 2010ರ ಸ್ಕೀಮ್‌ನಲ್ಲಿ ಪಿಎಚ್‌ಪಿ ಪ್ರೋಗ್ರಾಮ್‌ಗಳ ಪೈಕಿ ಈ ಎರಡಿದ್ದವು: ನೀವು ಕೊನೆಯ ಸಲ ಯಾವಾಗ ಬಂದಿರಿ ಎಂಬುದನ್ನು ಕುಕಿಯಲ್ಲಿಡುವುದು ಒಂದು, ಪುಟ ಎಷ್ಟು ಸಲ ತೆರೆಯಿತೆಂದು ಸೆಷನ್‌ನಲ್ಲಿ ಎಣಿಸುವುದು ಇನ್ನೊಂದು. ಕುಕಿ ಇರುವುದು ಬ್ರೌಸರ್‌ನಲ್ಲಿ, ಸೆಷನ್ನಿನ ಲೆಕ್ಕ ಉಳಿಯುವುದು ಸರ್ವರ್‌ನಲ್ಲಿ. ಹತ್ತು ಸಾಲಿನ ಈ ಜೋಡಿ ಅರ್ಥವಾದವನಿಗೆ ಸೀರೆಯ ಪ್ರಶ್ನೆಗೆ ಉತ್ತರ ತಾನಾಗಿ ಹೊಳೆಯುತ್ತದೆ. ಆ ಪಟ್ಟಿ ಮಾಡಿದ ಪುಣ್ಯಾತ್ಮರು ಯಾರೋ, ಅವರಿಗೊಂದು ನಮಸ್ಕಾರ.

ಕೆಟ್ಟದ್ದು ಪಟ್ಟಿಯಲ್ಲ, ಅದನ್ನು ಕಲಿಸಿದ ರೀತಿ. ಪ್ರೋಗ್ರಾಮನ್ನು ಪೆನ್ನಿನಲ್ಲಿ ರೆಕಾರ್ಡ್ ಪುಸ್ತಕಕ್ಕೆ ಇಳಿಸು, ಬಲಗಡೆ ಔಟ್‌ಪುಟ್ ಅಂಟಿಸು, ಸಹಿ ಹಾಕಿಸು, ಎಕ್ಸ್‌ಟರ್ನಲ್ ಪರೀಕ್ಷಕರ ಮುಂದೆ ಉರುಹೊಡೆದದ್ದನ್ನು ಕಕ್ಕು. ಲಕ್ಷಗಟ್ಟಲೆ ಡೊನೇಶನ್ ಕಟ್ಟಿಸಿಕೊಂಡ ಕಾಲೇಜಿನಲ್ಲೂ ಲ್ಯಾಬ್‌ಗೆ ಇಂಟರ್ನೆಟ್ ಕೊಡಲು ಪ್ರಿನ್ಸಿಪಾಲರ ಪತ್ರ ಬೇಕು. ಕೊನೆಗೆ ಅದೇ ಹುಡುಗ ಬೆಂಗಳೂರಿನ ಬಿಟಿಎಂ ಲೇಔಟಿನ ಯಾವುದೋ ಇನ್‌ಸ್ಟಿಟ್ಯೂಟ್‌ಗೆ ಮತ್ತೆ ದುಡ್ಡು ಸುರಿದು ‘ಫುಲ್ ಸ್ಟಾಕ್’ ಡೆವಲಪರ್ ಆಗುತ್ತಾನೆ. ಅಪ್ಪ ಎರಡು ಸಲ ಫೀಸು ಕಟ್ಟಿದರೂ ಮಗನಿಗೆ ಕುಕಿ ಎಂದರೆ ‘ಒಪ್ಪಿಗೆ’ ಒತ್ತುವ ಪಟ್ಟಿ ಅಷ್ಟೇ. ಇದನ್ನು ಸರಿಪಡಿಸಲು ಕಷ್ಟಪಡಬೇಕು, ಮೇಷ್ಟ್ರಿಗೆ ನೆಟ್ಟಗೆ ಸಂಬಳ ಕೊಡಬೇಕು. ‘ಕೋಡಿಂಗ್ ಸತ್ತಿತು’ ಅನ್ನುವುದು ಅಗ್ಗ.

ಎಐ ಬರಲಿ, ನಾನೂ ಬಳಸುತ್ತೇನೆ. ಪರೀಕ್ಷೆಯನ್ನೇ ಬದಲಿಸಿ: ರೆಕಾರ್ಡ್ ಪುಸ್ತಕ ಬಿಸಾಡಿ, ಎಐ ಬರೆದ ಅಂಗಡಿ ಪುಟವನ್ನು ವಿದ್ಯಾರ್ಥಿಯ ಮುಂದಿಟ್ಟು ‘5 ರೂಪಾಯಿಗೆ ಸೀರೆ ಕೊಳ್ಳು, ಆಮೇಲೆ ಯಾರೂ ಹಾಗೆ ಕೊಳ್ಳದಂತೆ ಮಾಡು’ ಅನ್ನಿ. ಮೂರು ಗಂಟೆ ಕೊಡಿ. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗಳಿಗೂ ಒಂದು ಸಿಸ್ಟಂ ಹಾಕಿ.