ನಕ್ಷತ್ರ ಕಾರಿಗೆ, ಸೀಟು ಮಗುವಿಗೆ

2023ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಭಾರತ್ ಎನ್‌ಸಿಎಪಿ’ ಅಪಘಾತ ಪರೀಕ್ಷೆಯು ಕಾರಿನಲ್ಲಿರುವ ಮಕ್ಕಳ ಸುರಕ್ಷತೆಗೆಂದೇ ಪ್ರತ್ಯೇಕ ನಕ್ಷತ್ರಗಳನ್ನು ನೀಡುತ್ತಿದೆ. ಇದು ಸ್ವಾಗತಾರ್ಹ. ಐದು ನಕ್ಷತ್ರ ಪಡೆದ ಕಂಪನಿಗಳು ಅದನ್ನು ಜಾಹೀರಾತಿನಲ್ಲಿ ಸಾರುತ್ತಿವೆ. ಆದರೆ ಆ ಪರೀಕ್ಷೆಯಲ್ಲಿ ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಗಾತ್ರದ ಗೊಂಬೆಗಳನ್ನು ಚೈಲ್ಡ್ ಸೀಟಿನಲ್ಲಿ ಕೂರಿಸಿರುತ್ತಾರೆ ಎಂಬುದು ಎಷ್ಟು ಖರೀದಿದಾರರಿಗೆ ಗೊತ್ತು? ನಮ್ಮ ರಸ್ತೆಗಳಲ್ಲಿ ಮಗು ಇರುವುದು ತಾಯಿಯ ತೊಡೆಯ ಮೇಲೆ, ಇಲ್ಲವೇ ಮುಂದಿನ ಸೀಟುಗಳ ನಡುವೆ ನಿಂತುಕೊಂಡು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ಎಷ್ಟೇ ಗಟ್ಟಿಯಾದ ತೋಳೂ ಹತ್ತು ಕೆ.ಜಿ. ತೂಕದ ಕೂಸನ್ನು ಹಿಡಿದಿಡಲಾರದು. ಮುಂದಿನ ಸೀಟಿನಲ್ಲಿ ತೊಡೆಯ ಮೇಲಿದ್ದರಂತೂ ದೊಡ್ಡವರನ್ನು ಉಳಿಸಬೇಕಾದ ಏರ್‌ಬ್ಯಾಗೇ ಅದರ ಪ್ರಾಣಕ್ಕೆ ಎರವಾಗಬಹುದು.

ಕಾನೂನಿನ ಕೊರತೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಬಿ ಪ್ರಕಾರ, 14 ವರ್ಷದೊಳಗಿನವರನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕರೆದೊಯ್ದರೆ ₹1,000 ದಂಡವಿದೆ. ಹೆಲ್ಮೆಟ್ ಇಲ್ಲದ ಸವಾರನನ್ನು ತಡೆಯುವ ಸಂಚಾರ ಪೊಲೀಸರ ಕಣ್ಣು ಕಾರಿನ ಹಿಂದಿನ ಸೀಟಿನತ್ತ ಹೊರಳುವುದು ಅಪರೂಪ, ಇದು ಬದಲಾಗಲೇಬೇಕು. ಚೈಲ್ಡ್ ಸೀಟು ದುಬಾರಿ ಎಂಬ ಪೋಷಕರ ಅಳಲಿನಲ್ಲೂ ನ್ಯಾಯವಿದೆ. ಜೀವರಕ್ಷಕ ಸಾಧನದ ಮೇಲೆ ಸರ್ಕಾರ ತೆರಿಗೆ ಹಾಕುವುದು ಸಲ್ಲದು, ಅದನ್ನು ಪೂರ್ತಿ ಕೈಬಿಡಬೇಕು. ಚೈಲ್ಡ್ ಸೀಟಿನ ಷರತ್ತನ್ನು ನಕ್ಷತ್ರದ ಜಾಹೀರಾತಿನಲ್ಲೇ ಎದ್ದುಕಾಣುವಂತೆ ಮುದ್ರಿಸುವುದನ್ನು ಕೇಂದ್ರ ಸಾರಿಗೆ ಸಚಿವಾಲಯ ತಡಮಾಡದೆ ಕಡ್ಡಾಯಗೊಳಿಸಬೇಕು.